ಹೊಸತೊಡಕಿಗೆ ಬಾರದ ವಸಂತ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯ ಹಳ್ಳಿಗಳಿಂದ ಬರುವ ಹುಡುಗ ಹುಡುಗಿಯರಿಗೆ ಕನ್ನಡ ಪಾಠ ಮಾಡುವ ಕೆಲಸ ನನ್ನದು. 2025ರ ಯುಗಾದಿಯ ಹೊತ್ತಿನಲ್ಲಿ ಹಳಗನ್ನಡದ ವಸಂತವರ್ಣನೆ ಪಾಠ ಮುಗಿಸಿ, ‘ಪುಸ್ತಕದ ವಸಂತ ಸಾಕು, ನಿಮ್ಮ ನಿಮ್ಮ ಊರಿನ ವಸಂತವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಬನ್ನಿ’ ಎಂದು ಹೇಳಿದ್ದೆ. ತಂದರು. ಪ್ರಿಂಟು ಹಾಕಿಸಿ ತರಗತಿಯ ಗೋಡೆಗೆ ಅಂಟಿಸಿದೆವು. ಈ ಲೇಖನ ಆ ಗೋಡೆಯ ಬಗ್ಗೆ, ಮತ್ತು ಅದರ ಮುಂದೆ ನಾನು ಮಾಡಿದ ಒಂದು ತಪ್ಪಿನ ಬಗ್ಗೆ.

ಗೋಡೆಯ ಮೇಲೆ ಏನೇನಿತ್ತು? ಚಿಗುರಿದ ಹೊಂಗೆ, ಹೂಬಿಟ್ಟ ಬೇವು, ಮಾವಿನ ಹೂವು. ನಾಲೆಯ ಏರಿ, ಕಬ್ಬು ತುಂಬಿದ ಎತ್ತಿನಗಾಡಿ, ಆಲೆಮನೆಯ ಹೊಗೆ. ಮಂಡ್ಯದ ಸರ್ ಎಂ.ವಿ. ಪ್ರತಿಮೆ, ಸಕ್ಕರೆ ಕಾರ್ಖಾನೆ. ಮದ್ದೂರಿನ ವಡೆ, ಶಿಂಷಾ ಹೊಳೆ, ಶಿವಪುರದ ಸತ್ಯಾಗ್ರಹ ಸೌಧ, ಕೊಕ್ಕರೆ ಬೆಳ್ಳೂರಿನ ಹಕ್ಕಿಗಳು. ಮಳವಳ್ಳಿ ಕಡೆಯ ಗಗನಚುಕ್ಕಿ, ಮಾರೆಹಳ್ಳಿಯ ನರಸಿಂಹಸ್ವಾಮಿ ದೇವಸ್ಥಾನ. ಬೇವುಬೆಲ್ಲದ ತಟ್ಟೆಗಳಿಗಂತೂ ಲೆಕ್ಕವಿಲ್ಲ. ಒಂದೊಂದೂ ಚೆಂದವಾಗಿತ್ತು. ಆದರೆ ಇಡೀ ಗೋಡೆಯಲ್ಲಿ ಒಂದೇ ಒಂದು ಹಟ್ಟಿ ಇರಲಿಲ್ಲ. ತರಗತಿಯಲ್ಲಿ ಹಟ್ಟಿಯಿಂದ ಬರುವ ಮಕ್ಕಳು ಕಡಿಮೆಯೇನಿಲ್ಲ. ಅವರೂ ಊರೊಳಗಿನ ಅರಳೀಕಟ್ಟೆಗೆ ಹೋಗಿ ತೆಗೆದುಕೊಂಡು ಬಂದಿದ್ದರು. ‘ನಿಮ್ಮ ಬೀದೀದು ಯಾಕಪ್ಪ ತೆಗೀಲಿಲ್ಲ?’ ಅಂತ ಒಬ್ಬನನ್ನು ಕೇಳಿದೆ. ಅವನು ನಗುತ್ತಲೇ, ‘ಅಲ್ಲೇನೈತೆ ಸಾ ತೆಗ್ಯಾಕೆ?’ ಅಂದ.

ಈ ‘ಅಲ್ಲೇನೈತೆ’ ಎಂಬ ಮಾತು ಆ ಹುಡುಗನದಲ್ಲ. ಇದು ಬಹಳ ಹಳೆಯ ಮಾತು. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕು ಎಂದು ವಿಧಿಸಿದ ಕಾವ್ಯಮೀಮಾಂಸೆ ಋತುವರ್ಣನೆಯನ್ನೂ ಆ ಪಟ್ಟಿಯಲ್ಲಿ ಸೇರಿಸಿತು. ಅಲ್ಲಿ ವಸಂತವೆಂದರೆ ಮಾವು, ಮಲ್ಲಿಗೆ, ಕೋಗಿಲೆ, ದುಂಬಿ, ಉದ್ಯಾನವನ. ಉದ್ಯಾನಕ್ಕೆ ನೀರು ಹೊತ್ತವರು ಯಾರೆಂಬುದು ವರ್ಣನೆಯ ವ್ಯಾಪ್ತಿಗೆ ಬರುವುದಿಲ್ಲ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾವೇ ಹೆಚ್ಚು ಎಂದದ್ದಕ್ಕೆ ಬೆಂಕಿ ಹತ್ತಿಕೊಂಡಿತು. ಅದಾಗಿ ಅರ್ಧ ಶತಮಾನ ಕಳೆದಿದೆ. ಕವಿ ಹೋಗಿ ಕ್ಯಾಮೆರಾ ಬಂದಿದೆ, ಕ್ಯಾಮೆರಾ ಹಟ್ಟಿಯ ಹುಡುಗನ ಜೇಬಿಗೂ ಬಂದಿದೆ. ಆದರೆ ಏನನ್ನು ನೋಡಬೇಕು ಎಂಬ ಪಟ್ಟಿ ಮಾತ್ರ ಹಳೆಯದೇ ಉಳಿದಿದೆ. ಉಪಕರಣ ಕೈಗೆ ಸಿಕ್ಕ ಮಾತ್ರಕ್ಕೆ ಕಣ್ಣು ನಮ್ಮದಾಗುವುದಿಲ್ಲ.

ಈ ಗುರುತಿನ ಜಾಗಗಳನ್ನೇ ಒಂದೊಂದಾಗಿ ನೋಡೋಣ. ಮೊದಲನೆಯದು ಮಂಡ್ಯದ ಹಸಿರು. ಫೋಟೊಗಳಲ್ಲಿ ಅದು ಪ್ರಕೃತಿಯ ಕೊಡುಗೆಯಂತೆ ಕಾಣುತ್ತದೆ. ವಾಸ್ತವದಲ್ಲಿ ಈ ಹಸಿರಿಗೆ ಇನ್ನೂ ನೂರು ವರ್ಷ ತುಂಬಿಲ್ಲ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಮುಗಿದದ್ದು ಮೂವತ್ತರ ದಶಕದ ಆರಂಭದಲ್ಲಿ. ಆಗ ಇರ್ವಿನ್ ನಾಲೆ ಎನ್ನುತ್ತಿದ್ದ ಈಗಿನ ವಿಶ್ವೇಶ್ವರಯ್ಯ ನಾಲೆಯ ನೀರು ಬಂತು, ಅದರ ಬೆನ್ನಿಗೆ 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮಂಡ್ಯ ಜಿಲ್ಲೆಯೇ ಆಯಿತು. ನೀರು ಬಂದಾಗ ಅದು ಹರಿದದ್ದು ಭೂಮಿ ಇದ್ದವರ ಗದ್ದೆಗೆ. ಭೂಮಿ ಇಲ್ಲದವರ ಪಾಲಿಗೆ ಬಂದದ್ದು ಆ ಗದ್ದೆಯ ಕೂಲಿ. ನಾಲೆಯ ಕೊನೆ ಭಾಗದ ಮದ್ದೂರು, ಮಳವಳ್ಳಿಯ ರೈತರು ನೀರಿಗಾಗಿ ಇವತ್ತಿಗೂ ಬೀದಿಗೆ ಇಳಿಯುತ್ತಾರೆ. ಅವರ ಸಂಕಟ ನಿಜವಾದದ್ದೇ. ಆದರೆ ಆ ಕೊನೆ ಭಾಗಕ್ಕೂ ಆಚೆ ಇನ್ನೊಂದು ಕೊನೆ ಭಾಗ ಇದೆ. ಆ ಜನಕ್ಕೆ ನೀರು ಬಿಟ್ಟರೂ ಒಂದೇ, ಬಿಡದಿದ್ದರೂ ಒಂದೇ. ಹರಿಸಿಕೊಳ್ಳಲು ಅವರಿಗೆ ನೆಲವೇ ಇಲ್ಲ.

ಇನ್ನು ಗಗನಚುಕ್ಕಿ. ವಸಂತಕಾಲದಲ್ಲಿ ಅಲ್ಲಿ ಧುಮುಕುವ ನೀರು ಬಲು ಕಡಿಮೆ, ಕಾಣುವುದು ಬಂಡೆಯೇ. ಆದ್ದರಿಂದ ವಿದ್ಯಾರ್ಥಿಯೊಬ್ಬ ಹಿಂದಿನ ಮಳೆಗಾಲದ ಫೋಟೊವನ್ನೇ ತಂದು ಅಂಟಿಸಿದ್ದ. ಚೆಂದ ಕಾಣಬೇಕಲ್ಲ! ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಮೊದಲು ಹೋದದ್ದು ಬಹುದೂರದ ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಆ ಗಣಿಯ ಆಳಕ್ಕಿಳಿದು ಧೂಳು ಕುಡಿದವರಲ್ಲಿ ಬಹುಪಾಲು ತಮಿಳು ಮಾತಾಡುವ ದಲಿತರು. ಮಳವಳ್ಳಿ ತಾಲ್ಲೂಕಿನ ಜಲಪಾತಕ್ಕೂ ಕೋಲಾರದ ದಲಿತರ ಬೆವರಿಗೂ ಹೀಗೊಂದು ತಂತಿ ಎಳೆದಿತ್ತು. ಆ ತಂತಿ ಹಾದುಹೋದ ದಾರಿಯ ಹಟ್ಟಿಗಳಲ್ಲಿ ಬುಡ್ಡಿದೀಪವೇ ಉರಿಯುತ್ತಿತ್ತು. ಭಾಗ್ಯಜ್ಯೋತಿಯ ಒಂದು ಬಲ್ಬು ಗುಡಿಸಲಿಗೆ ಬರಲು ಅವರು ಮುಕ್ಕಾಲು ಶತಮಾನ ಕಾಯಬೇಕಾಯಿತು.

ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳನ್ನು ಊರಿನವರು ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಿಗೆ ಹೋಲಿಸುತ್ತಾರೆ. ಮನೆ ಪಕ್ಕದ ಹುಣಸೆ ಮರಗಳಲ್ಲಿ ಅವು ಗೂಡು ಕಟ್ಟುತ್ತವೆ. ಫಸಲು ಬಿಟ್ಟುಕೊಟ್ಟ ಮರದ ಒಡೆಯರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತಾ ಬಂದಿದೆ. 2007ರಲ್ಲಿ ಅದು ಸಮುದಾಯ ಸಂರಕ್ಷಿತ ಪ್ರದೇಶವೂ ಆಯಿತು. ಮನುಷ್ಯ ಹಕ್ಕಿಗೆ ಜಾಗ ಬಿಟ್ಟುಕೊಟ್ಟ ಈ ಕತೆ ದೊಡ್ಡದು, ಅದನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಆದರೆ ಪರಿಹಾರ ಸಿಗುವುದು ಮರ ಇದ್ದವರಿಗೆ. ಹುಣಸೆ ಬಡಿದು, ಆಯ್ದು, ಕುಟ್ಟಿ ಕೂಲಿ ಪಡೆಯುವವರಿಗೆ ಮರವಿಲ್ಲ. ಎಲ್ಲೇ ಆಗಲಿ ಇಂಥ ಲೆಕ್ಕದ ಪುಸ್ತಕದಲ್ಲಿ ಅವರ ಹೆಸರು ಏರುವುದಿಲ್ಲ. ನಮ್ಮ ಗೋಡೆಯ ಫೋಟೊಗಳಲ್ಲೂ ಮರದ ತುದಿ ಇತ್ತು, ಬುಡ ಇರಲಿಲ್ಲ.

ದೇವಸ್ಥಾನದ ಗೋಪುರಗಳ ಮುಂದೆ ನಿಂತಾಗ ನನಗೆ ನೆನಪಾದದ್ದು ಹನಕೆರೆ. 2024ರ ನವೆಂಬರಿನಲ್ಲಿ ಮಂಡ್ಯ ತಾಲ್ಲೂಕಿನ ಆ ಊರಿನ ಕಾಲಭೈರವೇಶ್ವರ ದೇವಸ್ಥಾನಕ್ಕೆ ದಲಿತರು ಪ್ರವೇಶ ಮಾಡಿದರು. ವಿರೋಧಿಸಿದವರು ಉತ್ಸವಮೂರ್ತಿಯನ್ನೇ ಹೊರಗೆ ಒಯ್ದರು. ಗುಡಿ ಬೇಕಾದರೆ ನಿಮಗಿರಲಿ, ದೇವರು ನಮ್ಮದು ಎಂಬ ಅರ್ಥ! ಶಿವಪುರದಲ್ಲಿ 1938ರ ಏಪ್ರಿಲ್‌ನಲ್ಲಿ ನಿಷೇಧ ಮುರಿದು ಬಾವುಟ ಹಾರಿಸಿದ್ದೂ ಒಂದು ವಸಂತದಲ್ಲೇ. ಶಿವಪುರದ ಸೌಧ ಹೆದ್ದಾರಿಯಲ್ಲಿ ಹೋಗುವವರಿಗೆಲ್ಲ ಗುರುತಿನ ಜಾಗ. ಹನಕೆರೆಯ ಹೊಸ್ತಿಲನ್ನು ಗುರುತಿನ ಜಾಗ ಎಂದು ಯಾರು ಕರೆದಾರು?

ಈಗ ಯುಗಾದಿಗೆ ಬರುತ್ತೇನೆ. ನಮ್ಮ ಕಡೆ ಯುಗಾದಿ ಎಂದರೆ ಎರಡು ದಿನ. ಮೊದಲ ದಿನ ಎಣ್ಣೆನೀರು, ಬೇವುಬೆಲ್ಲ, ಒಬ್ಬಟ್ಟು. ಮಾರನೆಯ ದಿನ ಹೊಸತೊಡಕು. ಅವತ್ತು ಗುಡ್ಡೆಬಾಡು ಹಂಚಿಕೆಯಾಗುತ್ತದೆ, ಸಾರಿನ ವಾಸನೆ ಬೀದಿ ತುಂಬ ಓಡಾಡುತ್ತದೆ, ಅಳಿಯಂದಿರು ನೆಂಟರು ಉಂಡು ಮಲಗುತ್ತಾರೆ. ಇದು ಹಟ್ಟಿಯಲ್ಲಷ್ಟೇ ನಡೆಯುವುದಲ್ಲ, ಗೌಡರ ಬೀದಿಯಲ್ಲೂ ಇದೇ ಹಬ್ಬ. ಹಾಗಿದ್ದೂ ಗೋಡೆಯ ಮೇಲಿನ ವಸಂತ ಬೇವುಬೆಲ್ಲಕ್ಕೇ ನಿಂತುಬಿಟ್ಟಿತ್ತು. ಹೊಸತೊಡಕಿನ ಒಂದು ಫೋಟೊವೂ ಇರಲಿಲ್ಲ. ಮಾಂಸ ತಿನ್ನುವವರೇ ತಮ್ಮ ಹಬ್ಬದ ಎರಡನೆಯ ದಿನವನ್ನು ಗೋಡೆಯಿಂದ ಹೊರಗಿಟ್ಟಿದ್ದರು. 2024ರ ಡಿಸೆಂಬರಿನಲ್ಲಿ ಮಂಡ್ಯದಲ್ಲೇ ನಡೆದ 87ನೆಯ ಸಾಹಿತ್ಯ ಸಮ್ಮೇಳನದಲ್ಲಿ ಮದ್ಯ, ತಂಬಾಕಿನ ಸಾಲಿಗೆ ಮಾಂಸಾಹಾರವನ್ನೂ ಸೇರಿಸಿ ನಿಷೇಧಿಸಲು ಹೊರಟದ್ದು, ಅದರ ವಿರುದ್ಧ ಬಾಡೂಟದ ಬೇಡಿಕೆ ಎದ್ದದ್ದು ಎಲ್ಲರಿಗೂ ನೆನಪಿದೆ. ಅಲ್ಲಿ ನಿಷೇಧದ ಪಟ್ಟಿ ಹೊರಗಿನಿಂದ ಬಂತು, ನಾವು ಪ್ರತಿಭಟಿಸಿದೆವು. ತರಗತಿಯಲ್ಲಿ ಯಾರೂ ನಿಷೇಧಿಸಿರಲಿಲ್ಲ. ಯಜಮಾನಿಕೆ ಕೆಲಸ ಮಾಡುವುದು ಹೀಗೆ: ಅದು ಗದರಿಸುವುದಿಲ್ಲ, ನಮ್ಮ ಕಣ್ಣೊಳಗೇ ಬಂದು ಕೂತಿರುತ್ತದೆ.

ಇಷ್ಟನ್ನೂ ತರಗತಿಯಲ್ಲಿ ಹೇಳಿದೆ. ‘ಹೋಗಿ, ಹಟ್ಟಿಯ ವಸಂತ ತನ್ನಿ’ ಅಂದೆ. ನನ್ನ ತಪ್ಪು ಶುರುವಾದದ್ದು ಇಲ್ಲಿಂದ.

ಮಳವಳ್ಳಿ ಕಡೆಯ ಒಬ್ಬ ಹುಡುಗಿ ತನ್ನ ತಾಯಿಯ ಫೋಟೊ ತಂದಳು. ತಲೆ ಮೇಲೆ ಕಬ್ಬಿನ ಹೊರೆ, ಹರಿದ ಗಂಡಸರ ಅಂಗಿಯನ್ನು ಸೀರೆ ಮೇಲೆ ತೊಟ್ಟ ಹೆಂಗಸು, ಸೋಗೆ ಗೀರಿದ ಮುಂಗೈ, ಬಿಸಿಲಿಗೆ ಕಿರಿದಾದ ಕಣ್ಣು. ನಾನು ರೋಮಾಂಚನಗೊಂಡೆ. ‘ಇದು ನೋಡ್ರಪ್ಪ ವಸಂತ, ಇದು ದಲಿತ ಸೌಂದರ್ಯಮೀಮಾಂಸೆ’ ಎಂದು ಭಾಷಣ ಮಾಡಿ, ಗೋಡೆಯ ನಡುವೆ ಅಂಟಿಸಿ, ಎಲ್ಲರಿಗಿಂತ ಹೆಚ್ಚು ಅಂಕ ಕೊಟ್ಟೆ. ಮೂರು ದಿನ ಬಿಟ್ಟು ಆ ಹುಡುಗಿ ಬಂದು, ‘ಸಾರ್, ಅದನ್ನ ತೆಗೆದುಬಿಡ್ಲಾ? ಅವ್ವ ಬಯ್ತದೆ’ ಅಂದಳು. ಅವ್ವ ಹೇಳಿದ ಮಾತನ್ನೂ ಒಪ್ಪಿಸಿದಳು: ‘ಗೇಯೋದ್ನ ಯಾಕ್ ತೋರ್ಸೀಯವ್ವ, ಅದ್ನ ದಿನಾಲೂ ಎಲ್ಲಾರು ನೋಡ್ತನೇ ಅವ್ರೆ. ಜಯಂತಿ ದಿನ ತೆಗಿ, ಹೊಸ ಸೀರೆ ಉಟ್ಕತೀನಿ.’

ನನಗೆ ಕಪಾಳಕ್ಕೆ ಹೊಡೆದಂತಾಯಿತು. ಅದೂ ಮಳವಳ್ಳಿ ಕಡೆಯದೇ ಒಂದು ಹಟ್ಟಿಯಲ್ಲಿ ಹುಟ್ಟಿ, ಎಂ.ಎ. ಮಾಡಿ ಬಂದವನು ನಾನು. ನನ್ನ ಅವ್ವನ ಕೆಲಸದ ಫೋಟೊ ಒಂದೂ ನಮ್ಮ ಮನೆಯಲ್ಲಿಲ್ಲ. ಇರುವುದು ಒಂದೇ, ಸ್ಟುಡಿಯೋದಲ್ಲಿ ಬಣ್ಣದ ಪರದೆಯ ಮುಂದೆ ಕೂತು ತೆಗೆಸಿದ್ದು. ಅದರ ಪಕ್ಕದಲ್ಲಿ ಸೂಟು ತೊಟ್ಟ ಬಾಬಾಸಾಹೇಬರು.

ಕ್ಯಾಮೆರಾ ಹಟ್ಟಿಯ ಕಡೆ ತಿರುಗಿದ್ದು ಇದೇ ಮೊದಲಲ್ಲ. 1909ರಲ್ಲಿ ಎಡ್ಗರ್ ಥರ್ಸ್ಟನ್ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಬಗ್ಗೆ ಏಳು ಸಂಪುಟ ಹೊರತಂದ. ಅವನು ಜನರ ಮೂಗು, ತಲೆಯನ್ನು ಅಳತೆ ಮಾಡಿದ, ಫೋಟೊಗಳನ್ನು ಪುಸ್ತಕಕ್ಕೆ ಸೇರಿಸಿದ. ಅಲ್ಲಿ ನಿಂತವರಿಗೆ ಜಾತಿಯ ಹೆಸರಿದೆ, ಸ್ವಂತ ಹೆಸರು ಬಹುತೇಕ ಇಲ್ಲ. ನಾನು ಗೋಡೆಗೆ ಅಂಟಿಸಿದ ಫೋಟೊದ ಕೆಳಗೂ ‘ಶ್ರಮ’ ಎಂದು ಬರೆದಿದ್ದೆ. ಆ ತಾಯಿಯ ಹೆಸರು ಕೇಳಿರಲಿಲ್ಲ. ಥರ್ಸ್ಟನ್ನನಿಗೆ ಆಕೆ ಒಂದು ಜಾತಿಯ ಮಾದರಿಯಾಗಿದ್ದರೆ ನನಗೆ ಒಂದು ಸಿದ್ಧಾಂತದ ಮಾದರಿಯಾಗಿದ್ದಳು.

ಇದಕ್ಕೆ ಗೆಳೆಯರು ಒಂದು ಆಕ್ಷೇಪ ಎತ್ತಬಹುದು. ನೋವಿನ ಚಿತ್ರ ಬೇಡವೆಂದರೆ ದೌರ್ಜನ್ಯಕ್ಕೆ ಸಾಕ್ಷಿ ಎಲ್ಲಿಂದ ಬರಬೇಕು? ನ್ಯಾಯವಾದ ಪ್ರಶ್ನೆ. 2000ದ ಮಾರ್ಚ್ 11ರಂದು ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಅದೂ ವಸಂತವೇ. ಸಾಕ್ಷಿಗಳು ತಿರುಗಿಬಿದ್ದು 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು. ಅಂಥ ಕಡೆ ಚಿತ್ರ ಬೇಕು, ಹೆಸರು ಬೇಕು, ದಿನಾಂಕ ಬೇಕು. ಆದರೆ ಸಾಕ್ಷಿಯ ಚಿತ್ರ ಬೇರೆ, ಸೌಂದರ್ಯದ ಚಿತ್ರ ಬೇರೆ. ನಮ್ಮ ವಿಮರ್ಶೆ ಇವೆರಡನ್ನೂ ಒಂದೇ ಮಾಡಿ, ನೊಂದ ಮೈಯೇ ದಲಿತನ ಏಕೈಕ ಸೌಂದರ್ಯ ಎಂದು ಹೇಳತೊಡಗಿದೆ. ಇದು ಅಪಾಯ. ‘ಒಡಲಾಳ’ದ ಬಡತನದ ಗೋಡೆಯ ಮೇಲೆ ಪುಟಗೌರಿ ಬರೆಯುವುದು ನವಿಲನ್ನು. ದೇವನೂರರಿಗೆ ಗೊತ್ತಿದ್ದ ಈ ಸತ್ಯ ವಿಮರ್ಶಕರಾದ ನಮಗೆ ಮರೆತುಹೋಗಿದೆ.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರ ಮಂಟೇಸ್ವಾಮಿಯ ನೆಲೆ. ನೀಲಗಾರರು ಹಾಡುವ ಕತೆಯಲ್ಲಿ, ಪರಂಜ್ಯೋತಿಯೆಂದು ಕರೆಸಿಕೊಳ್ಳುವ ಈ ಗುರು ಕಲ್ಯಾಣಕ್ಕೆ ಬರುವುದು ಹೇಸುವಂಥ ವೇಷದಲ್ಲಿ. ಬಾಗಿಲವರು ಒಳಗೆ ಬಿಡುವುದಿಲ್ಲ, ಅವನು ಹೋಗಿ ತಿಪ್ಪೆಯ ಮೇಲೆ ಮಲಗುತ್ತಾನೆ. ನಾನು ಎಷ್ಟೋ ಸಲ ಇದನ್ನು ‘ತಿಪ್ಪೆಯೂ ಪವಿತ್ರ’ ಎಂದು ಪಾಠ ಮಾಡಿದ್ದೇನೆ. ಈಗ ಬೇರೆ ಅರ್ಥ ಹೊಳೆಯುತ್ತಿದೆ. ಆ ವೇಷ ಅವನೇ ಆರಿಸಿಕೊಂಡದ್ದು. ಹೇಗೆ ಕಾಣಿಸಿಕೊಳ್ಳಬೇಕು ಎಂಬ ಹಕ್ಕು ಅವನ ಕೈಯಲ್ಲೇ ಇತ್ತು. ಕಬ್ಬಿನ ಹೊರೆ ಹೊತ್ತ ತಾಯಿ ಕೇಳಿದ್ದು ಅದನ್ನೇ.

ಏಪ್ರಿಲ್ 14 ಆದ ಮೇಲೆ ಆ ಹುಡುಗಿ ಇನ್ನೊಂದು ಫೋಟೊ ತಂದಳು. ಹಟ್ಟಿಯ ಬಾಗಿಲಲ್ಲಿ ನೀಲಿ ಬಾವುಟದ ತೋರಣ, ಹೂ ಹಾಕಿದ ಬಾಬಾಸಾಹೇಬರ ಚಿತ್ರ, ಹಿಂದೆ ಚಿಗುರು ಹೊಂಗೆ. ಹೊಸ ಸೀರೆಯಲ್ಲಿ ಆ ತಾಯಿ ಬಿಗಿಯಾಗಿ, ನೆಟ್ಟಗೆ ನಿಂತಿದ್ದಾಳೆ. ಸಹಜತೆಯಿಲ್ಲ, ಭಂಗಿ ಕೃತಕ ಎಂದು ಬರೆಯಲು ವಿಮರ್ಶಕನ ಕೈ ತುರಿಸುತ್ತದೆ. ಬರೆಯಲಿಲ್ಲ. ಹಳೆಯ ಫೋಟೊ ತೆಗೆದು ಅದೇ ಜಾಗಕ್ಕೆ ಇದನ್ನು ಅಂಟಿಸಿದೆವು. ಕೆಳಗೆ ತನ್ನ ತಾಯಿಯ ಹೆಸರನ್ನು ಹುಡುಗಿಯೇ ಬರೆದಳು. ಕೊಟ್ಟಿದ್ದ ಅಂಕವನ್ನು ನಾನು ಬದಲಿಸಲಿಲ್ಲ. ಅದು ಈ ಫೋಟೊಕ್ಕೇ ಸಲ್ಲಬೇಕಾಗಿತ್ತು.

‘ಅಲ್ಲೇನೈತೆ’ ಎಂದಿದ್ದ ಹುಡುಗ ಮೊನ್ನೆ ಕೇಳಿದ: ‘ಸಾ, ಮುಂದಿನ್ ಯುಗಾದೀಲಿ ಹೊಸತೊಡಕಿಂದೂ ತೆಗೀಬೌದಾ?’ ತೆಗಿ ಅಂದೆ. ಆದರೆ ಮನೆಯವರನ್ನು ಕೇಳಿ ತೆಗಿ.