ಗೆರೆಯ ಮೇಲಿನ ಒಂದು ಹೆಜ್ಜೆ

ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಾರ್ನರ್‌ಬ್ಯಾಕ್‌ನಷ್ಟು ಒಂಟಿ ಆಟಗಾರ ಮತ್ತೊಬ್ಬನಿಲ್ಲ. ಅವನು ಕಾಯಬೇಕಾದ, ಪಾಸ್ ಹಿಡಿಯಲು ಎದುರಿಗೆ ನಿಂತ ರಿಸೀವರ್‌ಗೆ ತಾನು ಎಲ್ಲಿಯವರೆಗೆ ಓಡಬೇಕು, ಎಲ್ಲಿ ತಿರುಗಬೇಕು ಎಂಬುದೆಲ್ಲ ಮೊದಲೇ ಗೊತ್ತು. ಕಾರ್ನರ್‌ಬ್ಯಾಕ್‌ಗೆ ಅದರ ಸುಳಿವೂ ಇರುವುದಿಲ್ಲ, ಅದರ ಮೇಲೆ ಅವನು ಎಷ್ಟೋ ಸಲ ಹಿಮ್ಮುಖವಾಗಿ ಓಡುತ್ತಲೇ ಶುರುಮಾಡಬೇಕು. ರಿಸೀವರ್‌ನ ಕಣ್ಣು, ಭುಜ, ತಲೆ ಎಲ್ಲವೂ ಸುಳ್ಳು ಹೇಳುತ್ತವೆ. ಸೊಂಟಕ್ಕೆ ಮಾತ್ರ ಸುಳ್ಳು ಹೇಳಲು ಬಾರದು. ಅದಕ್ಕೇ ಪಳಗಿದ ಕಾರ್ನರ್‌ಬ್ಯಾಕ್ ಸೊಂಟದ ಮೇಲೇ ಕಣ್ಣು ನೆಟ್ಟಿರುತ್ತಾನೆ. ಅದು ಹೊರಳಿತೋ, ಇವನ ಸೊಂಟವೂ ಹೊರಳಿ ಹಿಮ್ಮುಖದ ಓಟ ಮುಮ್ಮುಖವಾಗಬೇಕು. ಈ ಆಟದಲ್ಲಿ ನನಗೆ ಅತ್ಯಂತ ಚೆಲುವಾಗಿ ಕಾಣುವುದು ಆ ಹೊರಳು. ಟಿವಿ ಕ್ಯಾಮೆರಾ ಚೆಂಡಿನ ಬೆನ್ನು ಹತ್ತುವುದರಿಂದ ಬಹಳ ಸಲ ಅದು ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ಕಾಲೇಜಿನಲ್ಲಿ ಕಲಿತ ಈ ವಿದ್ಯೆ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಹಾಗೆಯೇ ನಡೆಯುವುದಿಲ್ಲ. ಮೈದಾನದ ಅಗಲ ಎರಡೂ ಕಡೆ 160 ಅಡಿಯೇ. ಆದರೆ ಚೆಂಡನ್ನು ಎಲ್ಲಿಂದ ಆಡಬೇಕೆಂದು ನಿಗದಿಮಾಡುವ ಎರಡು ಸಾಲು ಹ್ಯಾಶ್ ಗುರುತುಗಳ ನಡುವೆ ಕಾಲೇಜಿನಲ್ಲಿ 40 ಅಡಿ ಅಂತರ, ಎನ್‌ಎಫ್‌ಎಲ್‌ನಲ್ಲಿ ಹದಿನೆಂಟೂವರೆ ಅಡಿ. ಕಾಲೇಜಿನಲ್ಲಿ ಚೆಂಡು ಒಂದು ಬದಿಗೆ ಸರಿದಾಗ ಆ ಕಡೆಯ ಕಾರ್ನರ್‌ಬ್ಯಾಕ್‌ಗೆ ಪಕ್ಕದ ಗೆರೆಯೇ ಅರ್ಧ ಕಾವಲು ಕಾಯುತ್ತದೆ. ವೃತ್ತಿಪರ ಆಟದಲ್ಲಿ ಚೆಂಡು ಸದಾ ನಡುಭಾಗದಲ್ಲೇ ಇರುವುದರಿಂದ ಆ ಆಸರೆ ಕಡಿಮೆ. ಇನ್ನು ಎನ್‌ಎಫ್‌ಎಲ್‌ನಲ್ಲಿ ಐದು ಗಜ ದಾಟಿದ ರಿಸೀವರ್‌ನನ್ನು ಕೈಹಾಕಿ ತಡೆದರೆ ಪೆನಾಲ್ಟಿ. ಕಾಲೇಜಿನ ನಿಯಮ ಇಷ್ಟು ಬಿಗಿಯಲ್ಲ.

ಈ ದಾರಿಯಲ್ಲಿ ನಡೆದವರಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಮಾಲ್ಕಮ್ ಬಟ್ಲರ್ ಕಡೆಗೆ. ಮಿಸಿಸಿಪ್ಪಿ ನದಿಯ ದಂಡೆಯ ವಿಕ್ಸ್‌ಬರ್ಗ್ ಊರಿನವನು. ಹೈಂಡ್ಸ್ ಕಮ್ಯುನಿಟಿ ಕಾಲೇಜಿನಲ್ಲಿ ಐದು ಪಂದ್ಯ ಆಡುವಷ್ಟರಲ್ಲಿ ತಂಡದಿಂದ ಹೊರಬಿದ್ದ. ಊರಿಗೆ ಬಂದು ಪೊಪೈಸ್ ಚಿಕನ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಮತ್ತೆ ಅದೇ ಕಾಲೇಜಿಗೆ ಮರಳಿ, ಅಲ್ಲಿಂದ ಅಲಬಾಮಾದ ಲಿವಿಂಗ್‌ಸ್ಟನ್ ಎಂಬ ಸಣ್ಣ ಊರಿನ ವೆಸ್ಟ್ ಅಲಬಾಮಾ ವಿಶ್ವವಿದ್ಯಾಲಯ ಸೇರಿದ. ಅದು ಎರಡನೇ ಶ್ರೇಣಿಯ ಕಾಲೇಜು ಫುಟ್‌ಬಾಲ್. ಶನಿವಾರದ ದೊಡ್ಡ ಟಿವಿ ಪಂದ್ಯಗಳು ಅತ್ತ ಹಾಯುವುದಿಲ್ಲ. ಎನ್‌ಎಫ್‌ಎಲ್ ತಂಡಗಳು ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ 2014ರ ಡ್ರಾಫ್ಟ್‌ನ ಏಳು ಸುತ್ತುಗಳಲ್ಲಿ 256 ಹೆಸರು ಕರೆದರು, ಬಟ್ಲರ್‌ನ ಹೆಸರು ಅದರಲ್ಲಿರಲಿಲ್ಲ. ಆಮೇಲೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ತಂಡ ಅವನನ್ನು ಹೊಸಬರ ಶಿಬಿರಕ್ಕೆ ಪರೀಕ್ಷೆಗೆಂದು ಕರೆಸಿತು. ಅಲ್ಲಿ ಆಡಿ ತೋರಿಸಿ ಒಪ್ಪಂದ ಗಿಟ್ಟಿಸಿಕೊಂಡ.

2015ರ ಫೆಬ್ರುವರಿ 1, ಅರಿಜೋನಾದ ಗ್ಲೆಂಡೇಲ್, ಸಿಯಾಟಲ್ ಸೀಹಾಕ್ಸ್ ವಿರುದ್ಧ ಲೀಗ್‌ನ ಫೈನಲ್ ಆದ ಸೂಪರ್ ಬೌಲ್. ಪೇಟ್ರಿಯಟ್ಸ್ 28–24ರಿಂದ ಮುಂದಿತ್ತು. ಬಟ್ಲರ್‌ನನ್ನು ಆಡಲು ಕಳಿಸಿದ್ದೇ ದ್ವಿತೀಯಾರ್ಧದಲ್ಲಿ. ಕೊನೆಗೆ ಒಂದು ನಿಮಿಷ ಚಿಲ್ಲರೆ ಉಳಿದಾಗ ಸಿಯಾಟಲ್‌ನ ಜರ್ಮೇನ್ ಕರ್ಸ್‌ಗೆ ಬಂದ ಎತ್ತರದ ಪಾಸನ್ನು ಬಟ್ಲರ್ ಹಾರಿ ಬೆರಳ ತುದಿಯಿಂದ ತಟ್ಟಿದ. ಮಾಡಬೇಕಾದದ್ದನ್ನೆಲ್ಲ ಸರಿಯಾಗಿಯೇ ಮಾಡಿದ್ದ. ಚೆಂಡು ಕೆಳಗೆ ಬಿದ್ದ ಕರ್ಸ್‌ನ ಕಾಲಿಗೆ ಬಡಿದು, ಕೈಗೆ ತಾಗಿ, ನೆಲ ಮುಟ್ಟದೆ ಮತ್ತೆ ಅವನ ಕೈಗೇ ಸೇರಿತು. ಇಂಥದ್ದು ನಡೆದಾಗ ಯಾರಿಗಾದರೂ ಕೈಕಾಲು ಸೋಲುತ್ತದೆ. ಬಟ್ಲರ್ ಎದ್ದು, ಎದ್ದು ಓಡಲಿದ್ದ ಕರ್ಸ್‌ನನ್ನು ಐದು ಗಜದ ಗೆರೆಯ ಬಳಿ ಹೊರಗೆ ದಬ್ಬಿದ. ಆ ದಬ್ಬು ಇಲ್ಲದಿದ್ದರೆ ಅಲ್ಲೇ ಟಚ್‌ಡೌನ್ ಆಗಿಹೋಗುತ್ತಿತ್ತು, ಮುಂದಿನದನ್ನು ಯಾರೂ ನೆನೆಯುತ್ತಲೂ ಇರಲಿಲ್ಲ. ನನ್ನ ಲೆಕ್ಕದಲ್ಲಿ ಆ ರಾತ್ರಿ ಅವನು ಆಡಿದ ಅತ್ಯುತ್ತಮ ಆಟ ಅದೇ.

ಮುಂದಿನ ಸರದಿಯಲ್ಲಿ ಸಿಯಾಟಲ್‌ನ ಮಾರ್ಷಾನ್ ಲಿಂಚ್ ನುಗ್ಗಿ ಚೆಂಡನ್ನು ಒಂದು ಗಜದ ಗೆರೆಯವರೆಗೆ ತಂದ. ಪೇಟ್ರಿಯಟ್ಸ್ ಕೋಚ್ ಬಿಲ್ ಬೆಲಿಚಿಕ್ ಟೈಮ್‌ಔಟ್ ಕೇಳದೆ ಗಡಿಯಾರ ಓಡಲು ಬಿಟ್ಟು, ಮೂವರು ಕಾರ್ನರ್‌ಬ್ಯಾಕ್‌ಗಳ ವ್ಯೂಹ ಹೂಡಿದ. ಬೆಂಚಿನಲ್ಲಿದ್ದ ಬಟ್ಲರ್‌ಗೆ ಮತ್ತೆ ಕರೆ ಬಂತು. ಬಲಬದಿಯಲ್ಲಿ ಸಿಯಾಟಲ್‌ನ ಇಬ್ಬರು ಒಬ್ಬರ ಹಿಂದೊಬ್ಬರು ನಿಂತರು: ಮುಂದೆ ಕರ್ಸ್, ಹಿಂದೆ ರಿಕಾರ್ಡೊ ಲಾಕೆಟ್. ಮುಂದಿನವನು ಕಾವಲಿಗೆ ಅಡ್ಡ ಬಿದ್ದು ಹಿಂದಿನವನಿಗೆ ಒಳಕ್ಕೆ ದಾರಿ ಬಿಡಿಸುವ ತಂತ್ರ ಅದು. ಫೈನಲ್‌ಗೆ ಮುಂಚಿನ ಅಭ್ಯಾಸದಲ್ಲಿ ಇದೇ ತಂತ್ರಕ್ಕೆ ಬಟ್ಲರ್ ಸೋತಿದ್ದ. ಅಡ್ಡ ಬಂದವನನ್ನು ಸುತ್ತಿ ಹೋಗಿ ತಡವಾಗಿ ತಲುಪಿದ್ದ.

ಈ ಸಲ ಚೆಂಡು ಸಿಯಾಟಲ್ ಪರ ಪಾಸ್ ಎಸೆಯುವ ರಸೆಲ್ ವಿಲ್ಸನ್‌ನ ಕೈಸೇರಿದಾಗ ಗಡಿಯಾರದಲ್ಲಿ 26 ಸೆಕೆಂಡ್. ಲಾಕೆಟ್ ಒಳಕ್ಕೆ ಮುರಿದು ಹೊರಟ. ಬಟ್ಲರ್‌ನ ಪಾದಗಳನ್ನು ನಿಧಾನಗತಿಯಲ್ಲಿ ನೋಡಬೇಕು: ಕ್ಷಣಕಾಲ ತಡೆದು, ನೆಲಕ್ಕೆ ಊರಿ, ಚೆಂಡು ಬಂದು ಮುಟ್ಟಲಿರುವ ಜಾಗಕ್ಕೆ ನೇರವಾಗಿ ನುಗ್ಗಿದವು. ಸುತ್ತು ಹಾಕಲಿಲ್ಲ. ಲಾಕೆಟ್‌ಗಿಂತ ಅರ್ಧ ಹೆಜ್ಜೆ ಮುಂಚೆ ಅಲ್ಲಿಗೆ ಮುಟ್ಟಿ, ಡಿಕ್ಕಿಯಲ್ಲೂ ಚೆಂಡು ಬಿಡದೆ ಹಿಡಿದ. ಎನ್‌ಎಫ್‌ಎಲ್‌ನಲ್ಲಿ ಅವನ ಮೊದಲ ಇಂಟರ್‌ಸೆಪ್ಷನ್ ಅದು. ಲಿಂಚ್‌ಗೆ ಕೊಡದೆ ಪಾಸ್ ಎಸೆದದ್ದು ಮೂರ್ಖತನವೆಂದು ಜನ ಇಂದಿಗೂ ಸಿಯಾಟಲ್ ಕೋಚ್‌ನನ್ನು ಬೈಯುತ್ತಾರೆ. ಹಾಗೆ ಬೈಯುವುದು ಬಟ್ಲರ್‌ಗೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ.

ಅವನ ಜತೆಗಾರ ಬ್ರ್ಯಾಂಡನ್ ಬ್ರೌನರ್‌ಗೂ ಅದು ಅನ್ಯಾಯವೇ. ಅಡ್ಡ ಬೀಳಬೇಕಿದ್ದ ಕರ್ಸ್‌ನನ್ನು ಎದೆಗೆ ಎರಡೂ ಕೈ ಕೊಟ್ಟು ನಿಂತಲ್ಲೇ ನಿಲ್ಲಿಸಿದವನು ಈತ. ಬಟ್ಲರ್‌ಗೆ ದಾರಿ ತೆರೆದದ್ದು ಅದರಿಂದ. ಹಿಂದಿನ ವರ್ಷದವರೆಗೆ ಸಿಯಾಟಲ್‌ನಲ್ಲೇ ಆಡಿದ್ದ ಬ್ರೌನರ್‌ಗೆ ಅವರ ಚಾಳಿ ಗೊತ್ತಿತ್ತು. ಆರೆಗನ್ ಸ್ಟೇಟ್ ಕಾಲೇಜು ಬಿಟ್ಟ ಮೇಲೆ ಡ್ರಾಫ್ಟ್‌ನಲ್ಲಿ ಆತನನ್ನೂ ಯಾರೂ ಆರಿಸಿರಲಿಲ್ಲ. ಕೆನಡಾದ ಲೀಗ್‌ನಲ್ಲಿ ಕ್ಯಾಲ್ಗರಿ ತಂಡಕ್ಕೆ ವರ್ಷಗಟ್ಟಲೆ ಆಡಿ ಮೇಲೆ ಬಂದವನು. ಕರ್ಸ್ ಕೂಡ ಡ್ರಾಫ್ಟ್‌ನಲ್ಲಿ ಉಳಿದುಹೋದವನೇ. ಜಾರ್ಜಿಯಾದ ಫೋರ್ಟ್ ವ್ಯಾಲಿ ಸ್ಟೇಟ್ ಎಂಬ ಮತ್ತೊಂದು ಎರಡನೇ ಶ್ರೇಣಿಯ ಕಾಲೇಜಿನಿಂದ ಬಂದ ಲಾಕೆಟ್ ಕೂಡ ಹಾಗೆಯೇ. ಆ ಮೂಲೆಯಲ್ಲಿ ಡಿಕ್ಕಿಯಾದ ನಾಲ್ವರಲ್ಲಿ ಒಬ್ಬನೂ 32 ತಂಡಗಳಲ್ಲಿ ಯಾವುದಕ್ಕೂ ಮೊದಲು ಬೇಕೆನಿಸಿರಲಿಲ್ಲ. ಅಂಕಪಟ್ಟಿಯಲ್ಲಿ ಇಂಟರ್‌ಸೆಪ್ಷನ್ ಬಟ್ಲರ್ ಹೆಸರಿಗೆ ಜಮೆಯಾಯಿತು, ಬ್ರೌನರ್ ಮಾಡಿದ್ದನ್ನು ಬರೆಯಲು ಅಲ್ಲಿ ಕಾಲಮ್ಮೇ ಇಲ್ಲ. ಆ ದೃಶ್ಯ ನೋಡುವವರು ಮೊದಲು ಬ್ರೌನರ್‌ನ ಕೈಗಳನ್ನು ನೋಡಲಿ, ಬಟ್ಲರ್‌ನ ಪಾದಗಳನ್ನು ಆಮೇಲೆ.