‘ಮೂನ್‌ಸ್ಟೋನ್’ ಮತ್ತು ನಮ್ಮ ಪಟ್ಟಣ

ವಿಲ್ಕಿ ಕಾಲಿನ್ಸ್‌ನ ‘ದಿ ಮೂನ್‌ಸ್ಟೋನ್’ (1868) ಕಾದಂಬರಿಗೆ ಇರುವ ಹೆಸರು ಸಣ್ಣದಲ್ಲ. ಇಂಗ್ಲಿಷಿನ ಪತ್ತೇದಾರಿ ಕಾದಂಬರಿಗಳಲ್ಲಿ ಇದೇ ಮೊದಲನೆಯದು, ಇದೇ ಶ್ರೇಷ್ಠ ಎಂದು ಟಿ.ಎಸ್. ಎಲಿಯಟ್ ತೀರ್ಪು ಕೊಟ್ಟರು. ಅದರ ಕಥೆ ಮೊದಲಾಗುವುದು ಬಾಬುರಾಯನಕೊಪ್ಪಲಿಗೆ ಕೂಗಳತೆಯ ಶ್ರೀರಂಗಪಟ್ಟಣದ ಕೋಟೆಯಲ್ಲಿ, 1799ರ ಮೇ 4ರಂದು. ಅದನ್ನು ತೂಗಿ ನೋಡುವ ಹಕ್ಕು ಈ ಸೀಮೆಯ ಓದುಗರಿಗೆ ಖಂಡಿತ ಇದೆ.

ಮುತ್ತಿಗೆ, ಲೂಟಿ, ಟಿಪ್ಪುವಿನ ಸಾವು ಎಲ್ಲರಿಗೂ ಗೊತ್ತಿರುವುದೇ. ಪೀಠಿಕೆಯ ಒಂದು ಗಳಿಗೆಯನ್ನು ನೋಡೋಣ. ಆಯುಧಶಾಲೆಯಲ್ಲಿ ಇಂಗ್ಲಿಷ್ ಸೇನಾಧಿಕಾರಿ ಹರ್ನ್‌ಕ್ಯಾಸಲ್ ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ರಕ್ತ ಸೋರುವ ಬಾಕು ಹಿಡಿದು ನಿಂತಿದ್ದಾನೆ. ಬಾಕಿನ ಹಿಡಿಯಲ್ಲಿ ಮೂನ್‌ಸ್ಟೋನ್ ಎಂಬ ವಜ್ರ ಹೊಳೆಯುತ್ತಿದೆ. ಇಬ್ಬರು ಸತ್ತಿದ್ದಾರೆ, ಮೂರನೆಯವನು ಸಾಯುತ್ತಾ ಶಾಪ ಹಾಕುತ್ತಾನೆ. ಅವನು ತನ್ನ ಭಾಷೆಯಲ್ಲಿ ಮಾತಾಡಿದನೆಂದು ನಿರೂಪಕ ಬರೆಯುತ್ತಾನೆ. ಯಾವ ಭಾಷೆ? ಅದರ ಸುದ್ದಿಯೇ ಇಲ್ಲ. ಅದು ನಿರೂಪಕನಿಗೆ ಹೇಗೆ ತಿಳಿಯಿತು ಎಂಬುದೂ ಇಲ್ಲ. ನಮಗೆ ಸಿಗುವುದು ಅಚ್ಚುಕಟ್ಟಾದ ಇಂಗ್ಲಿಷಿನ ಶಾಪ. ಕನ್ನಡ, ದಖನಿ, ಪಾರಸಿ, ಮರಾಠಿ ಎಲ್ಲ ಕಿವಿಗೆ ಬೀಳುತ್ತಿದ್ದ ರಾಜಧಾನಿಯ ಒಂದು ಸೊಲ್ಲೂ ಪುಟಕ್ಕೆ ಬರುವುದಿಲ್ಲ. ಮುಂದೆ ಬೆಟರೆಜ್, ಮಿಸ್ ಕ್ಲಾಕ್, ವಕೀಲ ಬ್ರಫ್ ಮುಂತಾದ ಇಂಗ್ಲಿಷ್ ಪಾತ್ರಗಳು ಸರದಿಯ ಮೇಲೆ ತಮ್ಮ ಸಾಕ್ಷ್ಯ ಬರೆಯುತ್ತಾರೆ. ವಜ್ರವನ್ನು ಹುಡುಕಿ ಇಂಗ್ಲೆಂಡಿಗೆ ಬಂದ ಮೂವರು ಬ್ರಾಹ್ಮಣರಿಗೆ ಒಂದೇ ಒಂದು ಅಧ್ಯಾಯವೂ ಇಲ್ಲ.

ಈ ಕೃತಿ ಸಾಮ್ರಾಜ್ಯದ ಅಪರಾಧವನ್ನು ಬಯಲಿಗೆಳೆಯುತ್ತದೆ ಎಂದು ವಿಮರ್ಶಕ ಜಾನ್ ರೀಡ್ 1973ರಲ್ಲಿ ವಾದಿಸಿದರು. ಈ ವಾದವನ್ನು ಒಪ್ಪುವವರು ಇವತ್ತಿಗೂ ಇದ್ದಾರೆ. ವಜ್ರ ಸೋಮನಾಥದ ಚಂದ್ರದೇವನ ಹಣೆಗೆ ಮರಳುತ್ತದಲ್ಲ ಎನ್ನುತ್ತಾರೆ. ಮರಳುತ್ತದೆ, ನಿಜ. ಆದರೆ ಅದನ್ನು ಕಂಡು ಹೇಳುವವನು ಯಾರು? ವೇಷ ಮರೆಸಿಕೊಂಡು ಜನರ ನಡುವೆ ನಿಂತ ಮರ್ತ್‌ವೇಟ್ ಎಂಬ ಇಂಗ್ಲಿಷ್ ಪ್ರವಾಸಿ! ಕದ್ದ ಒಡವೆಯ ಲೆಕ್ಕ ಇಡುವ ಈ ವಿಮರ್ಶಕರು ಕಿತ್ತುಕೊಂಡ ಮಾತಿನ ಲೆಕ್ಕ ಇಟ್ಟಿಲ್ಲ. ಟಿಪ್ಪುವಿನ ಗ್ರಂಥಭಂಡಾರ ಕಲ್ಕತ್ತೆಗೂ ಲಂಡನ್ನಿಗೂ ಸಾಗಿತು. ಮೆಕಾಲೆ 1835ರಲ್ಲಿ ಇಂಗ್ಲಿಷ್ ವಿದ್ಯೆಗೆ ದಾರಿ ಮಾಡಿದ. ಸೋತ ಊರಿನ ಕಥೆಯನ್ನೂ ಗೆದ್ದವರ ಭಾಷೆಯಲ್ಲೇ ಲೋಕಕ್ಕೆಲ್ಲ ಹಂಚಿದ್ದು ಇಂಥ ಕಾದಂಬರಿಗಳು.

ಹೆಣಿಗೆಯಲ್ಲಿ ಕಾಲಿನ್ಸ್ ಗಟ್ಟಿಗ, ಒಪ್ಪೋಣ. ಪಟ್ಟಣಕ್ಕೆ ನ್ಯಾಯ ಸಲ್ಲಿಸಿದ ಕೃತಿ ಎಂಬ ಹೊಗಳಿಕೆ ಮಾತ್ರ ಅದಕ್ಕೆ ಸಲ್ಲದು. ಮಂಡ್ಯ, ಮೈಸೂರಿನ ಇಂಗ್ಲಿಷ್ ಮೇಷ್ಟ್ರುಗಳು ಈ ಪೀಠಿಕೆಯನ್ನು ಪಾಠ ಮಾಡುವಾಗ, ಅದೇ ಕಾಳಗವನ್ನು ಕನ್ನಡದಲ್ಲಿ ಹಾಡಿದ ಟಿಪ್ಪುವಿನ ಲಾವಣಿಯನ್ನೂ ಅದೇ ತರಗತಿಯಲ್ಲಿ ಓದಿಸಲಿ.