ಸೊಸೈಟಿ ಸೆಕ್ರೆಟರಿಗೆ ಕಲಿಸುವ ಬಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಹಳ್ಳಿಗಳಲ್ಲಿ ‘ಸೊಸೈಟಿ’ ಎಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ, ‘ಸೆಕ್ರೆಟರಿ’ ಎಂದರೆ ಅದರ ಮುಖ್ಯ ಕಾರ್ಯನಿರ್ವಹಣಾಧಿಕಾರಿ. ಕಾಗದದ ಮೇಲೆ ಪದನಾಮ ಬದಲಾಗಿದೆ, ಊರ ಕಟ್ಟೆಯ ಮೇಲೆ ಬದಲಾಗಿಲ್ಲ. ಬೆಳೆಸಾಲ ಕೊಡುವುದು, ವಸೂಲಿ ಮಾಡುವುದು, ಗೊಬ್ಬರದ ಚೀಲ ಎಣಿಸುವುದು, ಕಿರ್ದಿ ಬರೆಯುವುದು, ಸಭೆಯ ನೋಟಿಸು ಕಳಿಸುವುದು ಎಲ್ಲವೂ ಈ ಒಬ್ಬರ ಹೆಗಲಿಗೆ. ನಿನ್ನೆಯವರೆಗೆ ಗುಮಾಸ್ತರಾಗಿದ್ದವರೇ ಬಹಳ ಕಡೆ ಇಂದು ಈ ಕುರ್ಚಿಗೆ ಬರುತ್ತಾರೆ.

ಇವರಿಗೆ ತರಬೇತಿ ಬೇಕೆಂಬ ಮಾತು ಹೊಸದಲ್ಲ. 1904ರಲ್ಲಿ ಸಹಕಾರ ಕಾಯ್ದೆ ಬಂದು, ಮರುವರ್ಷ ಈಗಿನ ಗದಗ ಜಿಲ್ಲೆಯ ಕಣಗಿನಹಾಳದಲ್ಲಿ ಸಂಘ ಹುಟ್ಟಿತು. ತಿಳಿವಳಿಕೆ ಇಲ್ಲದ ಕಡೆ ಸಂಘ ನಿಲ್ಲದು ಎಂದು 1915ರಲ್ಲೇ ಮ್ಯಾಕ್ಲಗನ್ ಸಮಿತಿ ಒತ್ತಿ ಹೇಳಿತು. 1953ರಲ್ಲಿ ರಿಸರ್ವ್ ಬ್ಯಾಂಕು ಮತ್ತು ಕೇಂದ್ರ ಸರ್ಕಾರ ಸೇರಿ ಸಹಕಾರ ತರಬೇತಿಗೆ ಕೇಂದ್ರ ಸಮಿತಿಯೊಂದನ್ನು ಕಟ್ಟಿದವು. ಕರ್ನಾಟಕದಲ್ಲಿ ಸಂಘಗಳು ನಿವ್ವಳ ಲಾಭದ ಶೇ 2ರಷ್ಟನ್ನು ಸಹಕಾರ ಶಿಕ್ಷಣ ನಿಧಿಗೆ ಕಟ್ಟುತ್ತವೆ. ರಾಜ್ಯ ಸಹಕಾರ ಮಹಾಮಂಡಳ ಆರು ತಿಂಗಳ ಡಿಪ್ಲೊಮಾ ನಡೆಸುತ್ತ ಬಂದಿದೆ.

ಡಿಪ್ಲೊಮಾದ ಬಲ ಲೆಕ್ಕಪತ್ರ. ಕಿರ್ದಿಯಿಂದ ಖತಾವಣಿಗೆ, ಖತಾವಣಿಯಿಂದ ಅಢಾವೆ ಪತ್ರಿಕೆಗೆ ಹೋಗುವ ದಾರಿಯನ್ನು ಇಷ್ಟು ಕ್ರಮವಾಗಿ ಕಲಿಯಲು ಹಳ್ಳಿಯ ಹುಡುಗನಿಗೆ ಬೇರೆ ಕಡೆ ಅವಕಾಶ ಕಡಿಮೆ. 2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಗಣಕೀಕರಣ ಯೋಜನೆ ಈ ಬಲಕ್ಕೆ ಇನ್ನಷ್ಟು ಶಿಸ್ತು ಕೂಡಿಸಿದೆ. ದೇಶದ 63,000 ಸಂಘಗಳಿಗೆಂದು 2,516 ಕೋಟಿ ರೂಪಾಯಿ ತೆಗೆದಿಟ್ಟ ಯೋಜನೆಯದು. ಅಂದಂದಿನ ಲೆಕ್ಕ ಅಂದೇ ಮುಗಿಸುವುದು ಅದರ ಪಾಠ. ತಿಂಗಳ ಕಿರ್ದಿಯನ್ನು ಒಂದೇ ರಾತ್ರಿ ಕೂತು ಬರೆಯುವ ಹಳೆಯ ಚಾಳಿಗೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಪಾಠ ಸೋಲುವುದು ದಫ್ತರದಿಂದ ಹೊರಬಿದ್ದ ಮೇಲೆ. ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿ 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿತು. ಆದರೆ ಗಡುವಿನೊಳಗೆ ತುಂಬಿದವರಿಗಷ್ಟೇ ಈ ಶೂನ್ಯ. ಜೂನ್ 12ಕ್ಕೆ ಗಡುವಿರುವ ರೈತ 13ಕ್ಕೆ ಹಣ ತಂದರೆ ಬಡ್ಡಿ ಅವನ ತಲೆಗೆ ಬೀಳುತ್ತದೆ. ಈ ನಿಯಮವನ್ನು ತರಗತಿ ಹೇಳಿಕೊಡುತ್ತದೆ. ರೈತನ ಕೈಯಲ್ಲಿ ದುಡ್ಡು ಯಾವಾಗ ಆಡುತ್ತದೆ ಎಂಬುದನ್ನು ಹೇಳಿಕೊಡುವುದಿಲ್ಲ. ಈ ಎರೆಭೂಮಿಯಲ್ಲಿ ಹೆಸರಿನ ದುಡ್ಡು ಭಾದ್ರಪದದ ಹೊತ್ತಿಗೆ, ಕಡಲೆ-ಜೋಳದ್ದು ಶಿವರಾತ್ರಿ ಆಸುಪಾಸಿಗೆ ಬರುತ್ತದೆ. ಕಬ್ಬಿನ ಬಿಲ್ಲು ಕಾರ್ಖಾನೆಯ ಮರ್ಜಿಗೆ ಬಿಟ್ಟದ್ದು. ಅನುಭವಿ ಸೆಕ್ರೆಟರಿ ಹೆಸರು ಪೇಟೆಗೆ ಹೋದ ವಾರವೇ ಮನೆ ಮುಂದೆ ನಿಂತು ಒಂದು ಕಂತು ಜಮಾ ಮಾಡಿಸುತ್ತಾರೆ. ಹೊಸಬರು ಮೇ ತಿಂಗಳಲ್ಲಿ ನೋಟಿಸು ಹಿಡಿದು ಹೋಗುತ್ತಾರೆ, ಆಗ ಬೀಜ-ಗೊಬ್ಬರಕ್ಕೇ ರೈತ ಕೈಗಡ ಹುಡುಕುತ್ತಿರುತ್ತಾನೆ.

ಇನ್ನೂ ಕಠಿಣವಾದದ್ದು ಇಲ್ಲವೆನ್ನುವ ವಿದ್ಯೆ. ಬಾಕಿದಾರ ಸೋದರಮಾವನಿರಬಹುದು, ಶಿಫಾರಸು ಚೇರಮನ್ನರದಿರಬಹುದು. ಕುರ್ಚಿ ಉಳಿಸಿಕೊಂಡು, ಸಂಬಂಧವನ್ನೂ ಕೆಡಿಸಿಕೊಳ್ಳದೆ, ಠರಾವಿನಲ್ಲಿ ಸರಿಯಾದ ಮಾತು ಬರೆಸುವುದನ್ನು ಪುಸ್ತಕ ನೋಡಿ ಕಲಿಯಲಾಗದು. ಹಳಬರ ಪಕ್ಕದಲ್ಲಿ ಕೂತೇ ಕಲಿಯಬೇಕು. ಹಾಗೆಂದು ಪಕ್ಕದಲ್ಲಿ ಕೂರುವ ಕಲಿಕೆಯನ್ನು ಹೊಗಳಿ ಹೊನ್ನಶೂಲಕ್ಕೇರಿಸಬೇಕಿಲ್ಲ. ಕೈಗಡ ತಂದು ಹಳೆಯ ಸಾಲ ತುಂಬಿಸಿ, ಅದೇ ಸಂಜೆ ಹೊಸ ಸಾಲ ಬರೆದು, ವಸೂಲಿ ಶೇಕಡಾ ನೂರು ಎಂದು ತೋರಿಸುವ ಕಸುಬೂ ಹೀಗೆಯೇ ಕೈಯಿಂದ ಕೈಗೆ ದಾಟುತ್ತದೆ.

ಆದ್ದರಿಂದ ಸಾಲದ ಗಡುವು ಎಷ್ಟೋ ತರಬೇತಿಯ ಅವಧಿಯೂ ಅಷ್ಟೇ ಇರುವುದು ಲೇಸು: ಒಂದು ಪೂರ್ತಿ ವರ್ಷ, ಅದೂ ಸ್ವಂತ ಊರು ಬಿಟ್ಟು ಬೇರೆ ಸಂಘದಲ್ಲಿ. ಸವದತ್ತಿಯ ಕಡೆಯವರು ಬೈಲಹೊಂಗಲದ ಹಳ್ಳಿಯಲ್ಲಿ ಒಂದು ಮುಂಗಾರು, ಒಂದು ಹಿಂಗಾರು ಕಳೆದರೆ ಮಾವನ ಮುಲಾಜಿಲ್ಲದೆ ವಸೂಲಿ ಕಲಿಯಬಹುದು. ನಡುನಡುವೆ ತರಗತಿ ಇರಲಿ. ಸೆಕ್ರೆಟರಿಗಷ್ಟೇ ಕಲಿಸಿದರೆ ಸಾಲದು. ಐದು ವರ್ಷಕ್ಕೆ ಆರಿಸಿ ಬರುವ ನಿರ್ದೇಶಕರ ತರಬೇತಿಯನ್ನು ಒಂದು ದಿನದ ಶಿಬಿರ, ಊಟ, ಹಾರದಲ್ಲಿ ಮುಗಿಸುವುದು ಈ ವ್ಯವಸ್ಥೆಯ ದೊಡ್ಡ ಕೊರತೆ. ಸಹಿ ಹಾಕುವವರಿಗೆ ಅಢಾವೆ ಪತ್ರಿಕೆ ಓದಲು ಬಾರದಿದ್ದರೆ ಸೆಕ್ರೆಟರಿಯ ಜಾಣತನವೂ ಅಪಾಯವೇ.

ಕಲಿಯಬೇಕಾದದ್ದೂ ಬೆಳೆಯುತ್ತಿದೆ. 2023ರ ಮಾದರಿ ಉಪವಿಧಿಗಳು ಸಂಘಗಳಿಗೆ ಗೋದಾಮು, ಸೇವಾ ಕೇಂದ್ರ ಸೇರಿ 25ಕ್ಕೂ ಹೆಚ್ಚು ಬಗೆಯ ಕೆಲಸಕ್ಕೆ ಬಾಗಿಲು ತೆರೆದಿವೆ. 2025ರ ಕಾಯ್ದೆಯಿಂದ ಗುಜರಾತಿನ ಆಣಂದದಲ್ಲಿ ತ್ರಿಭುವನ ಸಹಕಾರಿ ವಿಶ್ವವಿದ್ಯಾಲಯವೂ ಬಂದಿದೆ. ಅಲ್ಲಿಯ ಪದವಿ ರಾಮದುರ್ಗ ಸೀಮೆಯ ಕಿರ್ದಿಯವರೆಗೆ ಇಳಿಯಲು ಹೊತ್ತು ಹಿಡಿದೀತು. ಸಂಘದ ವಾರ್ಷಿಕ ಸಭೆ ಮಾತ್ರ ಕಾಯುವುದಿಲ್ಲ, ಪ್ರತಿವರ್ಷ ಸೆಪ್ಟೆಂಬರ್ 25ರೊಳಗೆ ನಡೆಯಲೇಬೇಕು. ಅಂದು ಎದ್ದು ನಿಂತು ಊರವರ ಮುಂದೆ ಲೆಕ್ಕ ಓದಬೇಕಾದವರು ಸೆಕ್ರೆಟರಿಯೇ.